ಆರನೆಯ ಫೋಟೋದವರಿಗೆ ಆ ಹಸಿವು ಎಲ್ಲಿಂದ ಬಂತು?

ಸ್ಕೆಲ್‌ಬೆಕ್ ಹೈಸ್ಕೂಲಿನ ಆಡಳಿತ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಬರುವ ಮಾರ್ಚ್ ತಿಂಗಳಲ್ಲಿ ತಾವು ಉದ್ಘಾಟಿಸಲಿರುವ ಹೊಸ ಊಟದ ಹಾಲ್‌ನ ಗೋಡೆಗೆ ಕೆತ್ತಿಸಲು ಹೊರಟಿರುವ ಕಥೆ ಕದ್ದ ಮಾಲು. ಅದು ಕದ್ದದ್ದೆಂದು ತಮಗೆ ಮೊದಲೇ ಗೊತ್ತಿತ್ತು ಎಂಬ ಬಲವಾದ ಗುಮಾನಿ ನನಗಿದೆ. ಈ ವಿಷಯವಾಗಿ ತಮಗೆ ಮೂರು ಪತ್ರ ಬರೆದೆ. ಮೂರಕ್ಕೂ 'ಹಳೆಯ ಸಿಬ್ಬಂದಿಯ ಸವಿನೆನಪುಗಳು ನಮಗೆ ಅಮೂಲ್ಯ' ಎಂಬ ಒಂದೇ ಉತ್ತರ ಬಂತು, ಅಲ್ಪವಿರಾಮವೂ ಬದಲಾಗದೆ. ಅಮೂಲ್ಯವಾದದ್ದನ್ನು ತೆರೆದು ಓದುವ ಅಭ್ಯಾಸ ತಮ್ಮ ಕಚೇರಿಗೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ನಮ್ಮೂರಿನ ವಾರಪತ್ರಿಕೆಯ ಬಾಗಿಲು ತಟ್ಟಿದ್ದೇನೆ.

ನಾನು 1974ರಿಂದ 2003ರವರೆಗೆ, ಇಪ್ಪತ್ತೊಂಬತ್ತು ವರ್ಷ, ನಿಮ್ಮ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಮುಂಬಾಗಿಲ ಬಳಿ 'ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿಗಳು' ಎಂದು ತಾವು ಏಳು ಫೋಟೋ ತೂಗುಹಾಕಿಸಿದ್ದೀರಲ್ಲ, ಅವರಲ್ಲಿ ಐವರಿಗೆ ನನ್ನ ಕೈಯಾರೆ ಬಡಿಸಿದ್ದೇನೆ. ಮೊದಲನೆಯವರು ಕೌಂಟಿ ತಂಡದ ವೇಗದ ಬೌಲರ್. ಬೇಯಿಸಿದ ಎಲೆಕೋಸನ್ನು ಜೇಬಿಗೆ ತುಂಬಿಕೊಂಡು ಹೋಗಿ ಪೊದೆಗೆ ಎಸೆಯುತ್ತಿದ್ದರು, ಎಸೆತ ಆಗಲೇ ಚೆನ್ನಾಗಿತ್ತು. ಮೂರನೆಯವರು ಸೇತುವೆ ಕಟ್ಟುವ ಎಂಜಿನಿಯರ್. ತಟ್ಟೆಯಲ್ಲಿ ಆಲೂಗಡ್ಡೆಯ ಅಣೆಕಟ್ಟು ಕಟ್ಟಿ ಗ್ರೇವಿ ನಿಲ್ಲಿಸುತ್ತಿದ್ದ ಹುಡುಗಿ. ಐದನೆಯವರು ಟಿವಿ ಧಾರಾವಾಹಿಯ ಖಳನಾಯಕ. ಚಮಚ ಕೆಳಗೆ ಬಿದ್ದರೆ ಚಮಚಕ್ಕೇ ಸಾರಿ ಹೇಳುವಂಥ ಹುಡುಗ. ಇವರ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ಆರನೆಯ ಫೋಟೋದಲ್ಲಿ ನಗುತ್ತಿರುವ ಮಹಿಳೆಯ ಬಗ್ಗೆ. ಟಿವಿಯಲ್ಲಿ ದೇಶಕ್ಕೆಲ್ಲ ಅಡುಗೆ ಕಲಿಸುವವರು. ವಕೀಲರ ಪತ್ರಕ್ಕೆ ಹೆದರಿ ಪತ್ರಿಕೆಯವರು ಹೆಸರು ಬೇಡ ಅಂದಿದ್ದಾರೆ. ಆದ್ದರಿಂದ ಅವರನ್ನು 'ಆರನೆಯವರು' ಎಂದೇ ಕರೆಯುತ್ತೇನೆ.

ಕಳೆದ ಅಕ್ಟೋಬರಿನಲ್ಲಿ ಶಾಲೆಗೆ ಅರವತ್ತು ತುಂಬಿತು. ನಿವೃತ್ತಳಾದ ಇಪ್ಪತ್ತೊಂದು ವರ್ಷಗಳಲ್ಲಿ ಕ್ರಿಸ್‌ಮಸ್ ಗಾಯನಕ್ಕೂ ನನ್ನನ್ನು ಕರೆಯದ ಶಾಲೆ ಅಂದು ಕಾರು ಕಳಿಸಿತು. ಕಾರು! ಮುಂದಿನ ಸಾಲಿನಲ್ಲಿ, ಮೇಯರ್ ಪಕ್ಕದಲ್ಲಿ ಕುರ್ಚಿ. ತಮ್ಮ ಕಚೇರಿಯ ಹುಡುಗಿಯೊಬ್ಬಳು ನನ್ನ ಕೋಟಿಗೆ ಹೆಸರಿನ ಬಿಲ್ಲೆ ಚುಚ್ಚುತ್ತ, "ನೀವೇನೂ ಮಾತಾಡೋದು ಬೇಡ ಮಿಸೆಸ್ ಸಗ್ಡನ್, ಸುಮ್ನೆ ನಗ್ತಾ ಕೂತಿದ್ರೆ ಸಾಕು" ಅಂದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಹೊಸ ಶೂ ಹಾಕಿದ್ದೆ, ಮೇಯರ್ ಕೈ ಕುಲುಕಿದ್ದರು, ಹಿಗ್ಗಿಹೋಗಿದ್ದೆ.

ಆರನೆಯವರು ವೇದಿಕೆ ಹತ್ತಿ ತಮ್ಮ ಬಾಲ್ಯದ ಕಥೆ ಹೇಳಿದರು, ಈಗ ಗೋಡೆಗೆ ಕೆತ್ತಲಿರುವ ಅದೇ ಕಥೆ. 1981ರ ಚಳಿಗಾಲ. ಮನೆಯಲ್ಲಿ ಊಟಕ್ಕೆ ಇಲ್ಲ. ಶಾಲೆಯಲ್ಲಿ ಉಚಿತ ಊಟದ ಮಕ್ಕಳಿಗೆ ಹಳದಿ ಚೀಟಿ, ಉಳಿದವರಿಗೆ ನೀಲಿ ಚೀಟಿ. ಹಳದಿ ಚೀಟಿ ಹಿಡಿದು ಸಾಲಿನಲ್ಲಿ ನಿಂತರೆ ಹುಡುಗಿಯರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಅದಕ್ಕೇ ಸಾಲಿಗೆ ಹೋಗುವುದನ್ನೇ ಬಿಟ್ಟು, ಅಡುಗೆಮನೆಯ ಹಿಂಬಾಗಿಲ ಬಳಿ ಬಿಸಿಗಾಳಿ ಬರುವ ಜಾಲರಿಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದರಂತೆ. ಒಂದು ದಿನ ಅಡುಗೆಯ ಹೆಂಗಸೊಬ್ಬಳು ಬಾಗಿಲು ತೆರೆದು, ಯಾಕೆ ಏನು ಎಂದು ಒಂದೂ ಕೇಳದೆ, "ಚಮಚ ಒರೆಸೋಕೆ ಬರುತ್ತಾ ನಿಂಗೆ? ನಂಗೊಂದು ಆಳು ಬೇಕು. ಇಲ್ಲಿ ಕೆಲಸ ಮಾಡಿದೋರಿಗೆ ಊಟ ಉಂಟು" ಅಂದಳಂತೆ. ಎರಡು ಚಳಿಗಾಲ, ಹಾಲಿನ ಕ್ರೇಟಿನ ಮೇಲೆ ಕುಳಿತು ಚಮಚ ಒರೆಸಿ, ರೈಸ್ ಪುಡಿಂಗಿನ ತಟ್ಟೆಗೆ ಅಂಟಿದ ಕಂದು ಕೆನೆಯನ್ನು ಕೆರೆದು ತಿಂದರಂತೆ. "ನನ್ನ ಅಡುಗೆ ಹುಟ್ಟಿದ್ದೇ ಆ ಕ್ರೇಟಿನ ಮೇಲೆ" ಎಂದು ಮುಗಿಸಿದಾಗ ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೇಯರ್ ಕರವಸ್ತ್ರ ತೆಗೆದರು.

ನಾನು ಮಾತ್ರ ಏಳಲಿಲ್ಲ. ಆ ಬಾಗಿಲು ತೆರೆದವಳು ನಾನು, ಅಧ್ಯಕ್ಷರೇ. ಆ ಮಾತು ನನ್ನದು, ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲ. ಕ್ರೇಟ್ ನಿಜ, ಕೆನೆ ನಿಜ, ಜಾಲರಿ ನಿಜ. ಹುಡುಗಿ ಮಾತ್ರ ಬೇರೆ. ನನ್ನ ಕ್ರೇಟಿನ ಮೇಲೆ ಕುಳಿತವಳ ಎಡಗಿವಿಯ ಹಿಂದೆ ಸುಟ್ಟ ಕಲೆಯಿತ್ತು. ಚಮಚ ಒರೆಸುವಾಗ ಕೂದಲನ್ನು ಕಿವಿಯ ಹಿಂದೆ ಸರಿಸುತ್ತಿದ್ದಳು, ದಿನಾ ನೋಡಿದ್ದೇನೆ. ಅವಳ ಹೆಸರು ಮಾತ್ರ ಆ ಕ್ಷಣ ನಾಲಿಗೆಗೆ ಬರಲಿಲ್ಲ. ಎರಡು ವಾರ ಬರಲಿಲ್ಲ. ಇದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಚಹಾ ಹೊತ್ತಿನಲ್ಲಿ ಆರನೆಯವರು ನನ್ನ ಬಿಲ್ಲೆ ಓದಿ, ಎರಡೂ ಕೈ ಚಾಚಿ ಬಂದರು. "ಅಯ್ಯೋ ನೀವೇನಾ! ಅವತ್ತಿಗೂ ಇವತ್ತಿಗೂ ಒಂಚೂರೂ ಬದಲಾಗಿಲ್ಲ ನೀವು!"

"ಹೌದಾ ತಾಯಿ? ಆಗ ನಂಗೆ ಮೂವತ್ತೆರಡು" ಅಂದೆ. "ಸರಿ, ಎಲ್ಲಿ ಕೂತಿರ್ತಿದ್ದೆ ನೀನು? ನನಗೆ ವಯಸ್ಸಾಯ್ತು ನೋಡು, ಮರೆತುಹೋಗುತ್ತೆ."

"ಕಿಟಕಿ ಪಕ್ಕ! ಹೊರಗೆ ಹಿಮ ಬೀಳೋದು ನೋಡ್ತಾ ಒರೆಸ್ತಿದ್ದೆ, ನೆನಪಿಲ್ವಾ?"

ನಮ್ಮ ಪಾತ್ರೆ ತೊಳೆಯುವ ಕೋಣೆಗೆ ಕಿಟಕಿಯೇ ಇರಲಿಲ್ಲ. ಬೇಸಿಗೆಯಲ್ಲಿ ನಾವು ನಾಲ್ವರು ಹೆಂಗಸರು ಅಲ್ಲಿ ಬೆಂದುಹೋಗುತ್ತಿದ್ದೆವು. ಕಿಟಕಿ ಬೇಕೆಂದು ಆರು ವರ್ಷ ಅರ್ಜಿ ಕೊಟ್ಟಿದ್ದೆವು. ಇದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನನ್ನು ತಬ್ಬಿಕೊಂಡಾಗಿತ್ತು, ಕ್ಯಾಮೆರಾ ಮಿಂಚಿಯಾಗಿತ್ತು. ಮುಂದಿನ ವಾರ ಶಾಲೆಯ ಸುದ್ದಿಪತ್ರ ಮನೆಗೆ ಬಂತು: 'ಉಣಬಡಿಸಿದ ಕೈ, ಉಂಡ ಹುಡುಗಿ: ನಾಲ್ಕು ದಶಕಗಳ ಬಳಿಕ ಮರುಭೇಟಿ.' ಕೆಳಗೆ ನನ್ನ ಮುಖ, ಬಾಯಿ ಅರ್ಧ ತೆರೆದು. ಸಂತೋಷದಿಂದ ಮೂಕಳಾಗಿದ್ದೇನೆಂದು ಓದಿದವರೆಲ್ಲ ಅಂದುಕೊಂಡರು. ನನ್ನ ಸಹಿ ಕೇಳದೆಯೇ ನನ್ನನ್ನು ಸಾಕ್ಷಿ ಮಾಡಿಕೊಂಡಿರಿ.

ಆಗ ನಾನು ತಮ್ಮ ಕಚೇರಿಗೇ ಬಂದು ಹಳೆಯ ಹಾಜರಿ ಪುಸ್ತಕ ನೋಡಬೇಕೆಂದು ಕೇಳಿದೆ. ಖಾಸಗಿ ಮಾಹಿತಿ ತೋರಿಸುವಂತಿಲ್ಲ ಎಂದಿರಿ. ಒಬ್ಬ ಹುಡುಗಿಯ ಹಸಿವನ್ನು ಮುನ್ನೂರು ಜನರ ಮುಂದೆ ಮೈಕಿನಲ್ಲಿ ಹೇಳಬಹುದು, ಅವಳು ಯಾವ ವರ್ಷ ಶಾಲೆಗೆ ಬಂದಳೆಂಬುದು ಮಾತ್ರ ಖಾಸಗಿ! ಈ ಕಾನೂನನ್ನು ಯಾರು ಬರೆದರೋ ಅವರಿಗೂ ಒಂದು ಫೋಟೋ ಹಾಕಿಸಿ.

ಬಾಗಿಲು ಮುಚ್ಚಿದಾಗ ನಾನು ಹೆಡ್ಲಿ ಲಮ್ ಅವರ ಮನೆಗೆ ಹೋದೆ. ಇಪ್ಪತ್ತು ವರ್ಷ ಇತಿಹಾಸ ಕಲಿಸಿದ ಮೇಷ್ಟ್ರು. ಎರಡು ವರ್ಷಕ್ಕೊಮ್ಮೆ ಇಡೀ ಶಾಲೆಯನ್ನು ಅಂಗಳದಲ್ಲಿ ನಿಲ್ಲಿಸಿ ತೆಗೆಯುತ್ತಿದ್ದ ಉದ್ದನೆಯ ಫೋಟೋಗಳೆಲ್ಲ ಅವರ ಅಟ್ಟದಲ್ಲಿ ಸುರುಳಿಯಾಗಿ ಬಿದ್ದಿವೆ. 1981ರದ್ದನ್ನು ಊಟದ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಜಾಮ್ ಬಾಟಲಿ ಇಟ್ಟರು.

"ಇಲ್ಲಿದಾಳೆ ನೋಡು ನಿನ್ನ ಟಿವಿಯವಳು. ಮೊದಲನೇ ಸಾಲು, ಇಸ್ತ್ರಿ ಹಾಕಿದ ಕಾಲರು. ನಾನೇ ಪಾಠ ಮಾಡಿದೀನಿ."

"ಅಂದ್ರೆ ಇಲ್ಲೇ ಓದಿದ್ದು ನಿಜಾನಾ?" ಅಂದೆ. ನನ್ನ ನೆನಪೇ ಕೆಟ್ಟಿರಬಹುದೇ?

"ಒಂದು ವರ್ಷ. ಅವರಪ್ಪ ಡೆಂಟಿಸ್ಟು ಗೊತ್ತಲ್ಲ, ಸ್ಟೇಷನ್ ರಸ್ತೇಲಿ? ಊರಲ್ಲಿ ಅರ್ಧ ಜನರ ಹಲ್ಲು ಕಿತ್ತವನು. ಮಧ್ಯಾಹ್ನ ಊಟಕ್ಕೆ ಅವಳಮ್ಮ ಕಾರಲ್ಲಿ ಬಂದು ಕರ್ಕೊಂಡ್ ಹೋಗ್ತಿದ್ಲು. ಎಂಬತ್ತೊಂದರ ಜುಲೈಗೆ ಬಿಡಿಸಿ ಗುಡ್ಡದಾಚೆಯ ದುಡ್ಡಿರೋರ ಶಾಲೆಗೆ ಹಾಕಿದ್ರು." ಆಮೇಲೆ 1983ರ ಸುರುಳಿ ಬಿಚ್ಚಿದರು. ಅದರಲ್ಲಿ ಆರನೆಯವರು ಎಲ್ಲೂ ಇರಲಿಲ್ಲ. ಬಲತುದಿಯಲ್ಲಿ, ಚೌಕಟ್ಟು ಅರ್ಧ ಭುಜವನ್ನು ಕತ್ತರಿಸಿದಂತೆ, ಕೂದಲನ್ನು ಕಿವಿಯ ಹಿಂದೆ ಸರಿಸುತ್ತ ನಿಂತಿದ್ದವಳನ್ನು ನೋಡಿದ್ದೇ ನನಗೆ ಹೆಸರು ನೆನಪಾಯಿತು. ಮ್ಯಾಕ್ಸೀನ್ ಥ್ಯಾಕ್ರೆ.

"ನಿಮ್ಮ ಹೆಸರು ಪೇಪರಲ್ಲಿ ಹಾಕ್ಬಹುದಾ ಮೇಷ್ಟ್ರೇ?" ಎಂದು ಕೇಳಿದೆ.

"ಹಾಕು. ನಂಗೆ ಎಂಬತ್ತೆಂಟು. ಇನ್ನೇನು ಮಾಡ್ತಾರೆ, ಕ್ಲಾಸಿನಾಚೆ ನಿಲ್ಲಿಸ್ತಾರಾ?"

ಸಂತೆಯಲ್ಲಿ ಪರದೆ ಬಟ್ಟೆ ಮಾರುವ ಮ್ಯಾಕ್ಸೀನಳ ಚಿಕ್ಕಮ್ಮ ವಿಳಾಸ ಕೊಟ್ಟಳು. ನವೆಂಬರಿನ ಒಂದು ಶನಿವಾರ ಎರಡು ರೈಲು ಬದಲಿಸಿ ಬ್ರಿಡ್ಲಿಂಗ್ಟನ್‌ಗೆ ಹೋದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ, ಮೀನಿನ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಬಾಗಿಲು ತೆರೆದವಳಿಗೆ ಐವತ್ತೈದಾಗಿದೆ. ನನ್ನನ್ನು ಕಂಡಕೂಡಲೇ, "ಮಿಸ್!" ಅಂದಳು, ಏಪ್ರನ್‌ಗೆ ಕೈ ಒರೆಸಿಕೊಳ್ಳುತ್ತ. ಬಿಲ್ಲೆ ಓದುವ ಅಗತ್ಯ ಅವಳಿಗೆ ಬೀಳಲಿಲ್ಲ.

ಚಹಾ ಮಾಡಿಕೊಟ್ಟಳು. ನಾನು ಬಂದ ಕಾರಣ ಹೇಳಿದೆ. ಅವಳು ಕೇಳಿಸಿಕೊಂಡು ಲೋಟಕ್ಕೆ ಮತ್ತೆ ಚಹಾ ಸುರಿದಳು. ಆಮೇಲೆ ಹೇಳಿದಳು: ಹತ್ತು ವರ್ಷದ ಹಿಂದೆ ಲೀಡ್ಸ್‌ನಲ್ಲಿ ಆರನೆಯವರ ಟಿವಿ ಕಾರ್ಯಕ್ರಮದ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕಿದ್ದಳಂತೆ. ಒಂದು ದಿನ ಚಿತ್ರೀಕರಣ ತಡವಾಗಿ, ಆರನೆಯವರು ತಾವೇ ಟವೆಲ್ ಹಿಡಿದು ಸಿಂಕಿನ ಪಕ್ಕ ನಿಂತರಂತೆ. 'ಯಾವೂರು ನಿಂದು? ಸ್ಕೆಲ್‌ಬೆಕ್ಕಾ! ನಾನೂ ಅಲ್ಲೇ ಓದಿದ್ದು ಕಣೇ!'

"ಎಷ್ಟು ಪ್ರೀತಿಯಿಂದ ಮಾತಾಡಿದ್ರು ಅಂದ್ರೆ ಮಿಸ್, ನಾನು ಯಾರಿಗೂ ಹೇಳದೇ ಇದ್ದಿದ್ದನ್ನ ಅವರಿಗೆ ಹೇಳ್ಬಿಟ್ಟೆ. ನನ್ನ ಗಂಡಂಗೂ ಹೇಳಿರ್ಲಿಲ್ಲ. ಅವರು ಅತ್ತರು. ನಿಜವಾಗ್ಲೂ ಅತ್ತರು."

ಏಳು ವರ್ಷ ಕಳೆದು, ಇಸ್ತ್ರಿ ಹಾಕುತ್ತಿದ್ದಾಗ ರೇಡಿಯೋದಲ್ಲಿ ತನ್ನ ಕಥೆಯನ್ನು ಅವರ ದನಿಯಲ್ಲಿ ಕೇಳಿದಳು. ಟಿವಿಯಲ್ಲೂ ಬಂತಂತೆ. ಅಡುಗೆ ಕಾರ್ಯಕ್ರಮವನ್ನು ನಾನು ನೋಡುವುದಿಲ್ಲ. ಇಪ್ಪತ್ತೊಂಬತ್ತು ವರ್ಷ ಬೇಯಿಸಿದವಳು ಸಂಜೆ ಕುಳಿತು ಇನ್ನೊಬ್ಬರು ಬೇಯಿಸುವುದನ್ನು ಯಾಕೆ ನೋಡಲಿ? ನೋಡಿದ್ದರೆ ಅಂದೇ ಎದ್ದು ನಿಲ್ಲುತ್ತಿದ್ದೆನೋ ಏನೋ.

"ನೀನ್ಯಾಕೆ ಸುಮ್ನಿದ್ದೆ?" ಅಂದೆ.

"ಫೋನ್ ಮಾಡ್ದೆ. ಒಂದೇ ಸಲ. ಅವರೇನಂದ್ರು ಗೊತ್ತಾ? 'ನಿಂಗೆ ಅದರಿಂದ ಅವಮಾನ ಅಲ್ವೇನೇ, ನೀನೇ ಹೇಳಿದ್ದೆ. ನಂಗೆ ಇಲ್ಲ. ನಾನು ಹೇಳಿದ್ರೆ ಎಷ್ಟೋ ಮಕ್ಕಳಿಗೆ ಧೈರ್ಯ ಬರುತ್ತೆ. ನಿಂಗೇನು ನಷ್ಟ?' ಅಂತ." ಮ್ಯಾಕ್ಸೀನ್ ಲೋಟವನ್ನು ತಿರುಗಿಸುತ್ತ ಕುಳಿತಳು. "ಫೋನ್ ಇಟ್ಬಿಟ್ಟೆ ಮಿಸ್. ಅವಮಾನ ಇದ್ದಿದ್ದು ನಿಜ ತಾನೇ."

ನಷ್ಟ ಏನೆಂದು ಅವಳಿಗೆ ಆಮೇಲೆ ತಿಳಿಯಿತು. ಕಳೆದ ವರ್ಷ ಮಗಳು ಕರ್ಸ್ಟಿ ಬಸುರಿಯಾಗಿದ್ದಾಗ, ಇವಳಿಗಾದರೂ ಹೇಳಿಬಿಡೋಣ ಎಂದು ಧೈರ್ಯ ಮಾಡಿ ಶುರುಮಾಡಿದಳಂತೆ: ಹಳದಿ ಚೀಟಿ, ಹಿಂಬಾಗಿಲು, ಚಮಚ. ಮಗಳು ನಕ್ಕುಬಿಟ್ಟಳು. "ಅಮ್ಮಾ, ಅದು ಆ ಟಿವಿಯವಳ ಕಥೆ! ನಿಂದು ಅಂತ ಹೇಳ್ತಿದೀಯಲ್ಲ!"

ಅಧ್ಯಕ್ಷರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಮನೆಯಿದ್ದವರ ಮನೆಯಲ್ಲಿ ಕಳುವಾದರೆ, ಒಡವೆ ಕಳುವಾದರೆ ಪೊಲೀಸರಿದ್ದಾರೆ. ಹನ್ನೆರಡು ವರ್ಷದ ಹುಡುಗಿಯ ಬಳಿ ಹಸಿವು ಬಿಟ್ಟು ಬೇರೇನೂ ಇರಲಿಲ್ಲ, ಅದನ್ನೂ ಎತ್ತಿಕೊಂಡು ಹೋದರೆ ಎಲ್ಲಿ ದೂರು ಕೊಡಬೇಕು? ಅವಳಿಗೆ ಹೊಳೆದದ್ದು ಒಂದೇ ಜಾಗ. ತನ್ನ ಶಾಲೆ. ಕಳೆದ ಮಾರ್ಚ್‌ನಲ್ಲಿ ತಮಗೆ ಕೈಬರಹದಲ್ಲಿ ಎರಡು ಪುಟ ಬರೆದಳು. ಅದರ ನಕಲು ನನ್ನ ಬಳಿ ಇದೆ. ತಮ್ಮ ಉತ್ತರವೂ ಇದೆ, ಏಪ್ರಿಲ್ ಎಂಟನೆಯ ತಾರೀಕು: 'ನಮ್ಮ ಗಣ್ಯ ಹಳೆಯ ವಿದ್ಯಾರ್ಥಿಗಳ ಕುರಿತು ತಾವು ತೋರಿದ ಆಸಕ್ತಿಗೆ ವಂದನೆಗಳು. ನೆನಪುಗಳು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿರುವುದು ಸಹಜ. ವಜ್ರ ಮಹೋತ್ಸವದ ಚಹಾ ಮಗ್‌ಗಳು ಕಚೇರಿಯಲ್ಲಿ ಲಭ್ಯ.' ಕೆಳಗೆ ತಮ್ಮ ಸಹಿ.

ಮಗ್ ಮಾತನ್ನು ಓದಿ ನಾನು ನಕ್ಕೆ. ನಕ್ಕಮೇಲೆ ಅವಳ ಪತ್ರದ ಕೊನೆಯ ಸಾಲು ಓದಿದೆ. 'ನನ್ನ ಮಾತು ನಂಬದಿದ್ದರೆ ಅಡುಗೆಮನೆಯ ಮಿಸೆಸ್ ಥೆಲ್ಮಾ ಸಗ್ಡನ್ ಅವರನ್ನು ಕೇಳಿ. ಅವರು ಇನ್ನೂ ಬದುಕಿದ್ದಾರೆಂದು ಕೇಳಿದ್ದೇನೆ.'

ಕಾರು ಯಾಕೆ ಬಂತೆಂದು ಆಗ ಅರ್ಥವಾಯಿತು. ಬದುಕಿರುವ ಒಬ್ಬಳೇ ಸಾಕ್ಷಿಯ ಹೆಸರು ತಮ್ಮ ಕೈಗೆ ಬಂದದ್ದು ಮ್ಯಾಕ್ಸೀನಳ ಪತ್ರದಿಂದ. ಫೋನ್ ಎತ್ತಿ, "ಮಿಸೆಸ್ ಸಗ್ಡನ್, ಆ ಹುಡುಗಿ ಯಾರು?" ಎಂದು ಕೇಳಲು ಎರಡು ನಿಮಿಷ ಸಾಕಿತ್ತು. ತಾವು ಕೇಳಲಿಲ್ಲ. ಬಿಲ್ಲೆ ಚುಚ್ಚಿ, ಮೇಯರ್ ಪಕ್ಕ ಕೂರಿಸಿ, ನಗಲು ಹೇಳಿ, ಫೋಟೋ ತೆಗೆಸಿದಿರಿ. ಇನ್ನು ಮ್ಯಾಕ್ಸೀನ್ ಎಲ್ಲಿ ಹೋಗಿ ಏನು ಹೇಳಿದರೂ ಆ ಫೋಟೋ ತೋರಿಸಿದರೆ ಆಯಿತು. ನನ್ನ ಗುಮಾನಿ ತಪ್ಪಾಗಿದ್ದರೆ ತಾವು ಇದೇ ಪತ್ರಿಕೆಯಲ್ಲಿ ಬರೆಯಬಹುದು. ನಾಲ್ಕು ಪ್ರಶ್ನೆಗೆ ಉತ್ತರಿಸಿದರೆ ಸಾಕು. ಆ ಎರಡು ಪುಟ ತಮ್ಮ ಮೇಜಿಗೆ ಬಂತೋ ಇಲ್ಲವೋ? ಬಂದದ್ದನ್ನು ಆರನೆಯವರಿಗೆ ತೋರಿಸಿದಿರೋ ಇಲ್ಲವೋ? ನನ್ನನ್ನು ಕರೆಸುವ ಯೋಚನೆ ಯಾರದು? ಹಾಜರಿ ಪುಸ್ತಕದಲ್ಲಿ ಅಷ್ಟೊಂದು ಹೆದರುವಂಥದ್ದು ಏನಿದೆ?

ಅಂದು ನಾವು ಮಾತಾಡುತ್ತಿದ್ದಾಗಲೇ ಕರ್ಸ್ಟಿ ಕೂಸನ್ನು ಎದೆಗೆ ಕಟ್ಟಿಕೊಂಡು, ಕೈಯಲ್ಲಿ ಬಿಸಿ ಚಿಪ್ಸ್ ಪೊಟ್ಟಣ ಹಿಡಿದು ಬಂದಳು. "ಯಾರಮ್ಮ ಇವರು?"

"ಸ್ಕೂಲಿನೋರು" ಅಂದಳು ಮ್ಯಾಕ್ಸೀನ್. ಮೇಜಿನ ಮೇಲೆ ತಟ್ಟೆ ಜೋಡಿಸತೊಡಗಿದಳು.

ನಾನು ಹೇಳಿದೆ. "ನಾನು ಅಡುಗೆಯೋಳು ಕಣಮ್ಮ. ಎಂಬತ್ತೊಂದು, ಎಂಬತ್ತೆರಡು, ಎರಡು ಚಳಿಗಾಲ ನಿಮ್ಮಮ್ಮ ನನ್ನ ಜೊತೆ ಚಮಚ ಒರೆಸ್ತಿದ್ಲು. ಸೊಟ್ಟಗಾದ ಚಮಚ ಸಿಕ್ಕಿದ್ರೆ ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡಿ ಇಡ್ತಿದ್ಲು."

ಕರ್ಸ್ಟಿ "ಅದು ಆ ಟಿವಿ..." ಎಂದವಳು ಅಲ್ಲಿಗೇ ನಿಂತಳು. ತಾಯಿಯ ಕಡೆ ತಿರುಗಿದಳು. ಮುಖ ಕೆಂಪಾಯಿತು. "ನಾನು ನಕ್ಕಿದ್ದೆ ಅಲ್ವಾ ಅಮ್ಮ? ನೀನು ಹೇಳಿದಾಗ."

"ಹೋಗ್ಲಿ ಬಿಡೇ. ಚಿಪ್ಸ್ ಆರ್ತಾ ಇದೆ."

"ಇಲ್ಲ, ನಾನು ನಕ್ಕಿದ್ದೆ." ಕೂಸಿನ ಸಮೇತ ಹಾಗೆಯೇ ಕುಕ್ಕರಿಸಿ ತಾಯಿಯ ಮಡಿಲಿಗೆ ತಲೆಯಿಟ್ಟಳು. ಮೂವರೂ ಹಾಗೆ ಇದ್ದರು. ನಾನು ಕೆಳಗೆ ರಸ್ತೆ ನೋಡುತ್ತ ಕುಳಿತೆ.

ಹೊರಡುವಾಗ ಮ್ಯಾಕ್ಸೀನ್ ಸ್ಟೇಷನ್ನಿನವರೆಗೆ ಬಂದಳು. ನನಗೆ ಒಂದು ಮಾತು ಕೇಳುವುದಿತ್ತು. ಆರನೆಯವರ ಭಾಷಣದಲ್ಲಿ ಕಥೆ ಚಪ್ಪಾಳೆಯಲ್ಲಿ ಮುಗಿಯುತ್ತದೆ. ನಿಜವಾದದ್ದು ಹಾಗೆ ಮುಗಿಯಲಿಲ್ಲ. 1983ರ ಫೆಬ್ರವರಿಯಲ್ಲಿ ನಮ್ಮ ಮೇಲ್ವಿಚಾರಕಿ ಓಲ್ಡ್‌ರಾಯ್ಡ್ ಅವಳನ್ನು ನೋಡಿಬಿಟ್ಟರು. ಮಕ್ಕಳನ್ನು ಒಳಗೆ ಬಿಟ್ಟರೆ ಕೆಲಸದಿಂದ ತೆಗೆಯುತ್ತೇನೆ ಅಂದರು. ನನಗೆ ಇಬ್ಬರು ಚಿಕ್ಕ ಮಕ್ಕಳು, ಗಿರಣಿ ಮುಚ್ಚಿದ್ದರಿಂದ ಗಂಡ ಮನೆಯಲ್ಲಿದ್ದ. "ನಾಳೆಯಿಂದ ಬರಬೇಡ" ಎಂದು ಅವಳಿಗೆ ಹೇಳಿದೆ. ಯಾಕೆಂದು ಹೇಳಲಿಲ್ಲ. ಮಾರನೆಯ ದಿನ ಅವಳು ಬಂದು ಬಾಗಿಲು ತಟ್ಟಿದಳು. ನಾನು ನಲ್ಲಿಯನ್ನು ಜೋರಾಗಿ ತಿರುಗಿಸಿ, ಆ ಸದ್ದು ಕೇಳದ ಹಾಗೆ ಪಾತ್ರೆ ತಿಕ್ಕಿದೆ. ಆಮೇಲೆ ಅವಳೆಲ್ಲಿ ಉಂಡಳೋ, ಉಂಡಳೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ.

"ಆ ಕೊನೆ ಭಾಗ ಅವಳಿಗೆ ಹೇಳಿರ್ಲಿಲ್ವಾ ನೀನು?" ಎಂದು ಪ್ಲಾಟ್‌ಫಾರ್ಮಿನಲ್ಲಿ ಕೇಳಿದೆ.

"ಇಲ್ಲ ಮಿಸ್. ಅದನ್ನ ಯಾರಿಗೂ ಹೇಳಿಲ್ಲ." ರೈಲು ಬರುವ ದಿಕ್ಕನ್ನೇ ನೋಡುತ್ತಿದ್ದಳು. "ನಿಮ್ಮನ್ನ ಜನ ತಪ್ಪು ತಿಳ್ಕೊಬಾರ್ದು ಅಂತ."

ಅಧ್ಯಕ್ಷರೇ, ನಲವತ್ತೆರಡು ವರ್ಷ ಆ ಹೆಣ್ಣುಮಗಳು ನನ್ನ ಮಾನ ಕಾಯ್ದಳು. ಅವಳ ಮಾನ ಕಾಯಬೇಕಿದ್ದ ಶಾಲೆ ಮಗ್ ಮಾರಲು ಹೋಯಿತು. ಗಣ್ಯರು ಯಾರೆಂದು ತೀರ್ಮಾನಿಸುವ ಸಮಿತಿಯೊಂದು ತಮ್ಮಲ್ಲಿದೆಯಂತೆ. ಅದು ಏನನ್ನು ನೋಡಿ ತೀರ್ಮಾನಿಸುತ್ತದೆ ಎಂಬ ಕುತೂಹಲ ನನಗಿದೆ.

ನನ್ನ ಬೇಡಿಕೆ ದೊಡ್ಡದಲ್ಲ. ಆರನೆಯ ಫೋಟೋ ಅಲ್ಲೇ ಇರಲಿ. ಒಂದು ವರ್ಷ ಓದಿದವರೂ ಹಳೆಯ ವಿದ್ಯಾರ್ಥಿಯೇ. ಆದರೆ ಅದರ ಕೆಳಗೆ ಬರೆಸಿರುವ ಕಥೆಯನ್ನು ಅಳಿಸಿ, ಗೋಡೆಗೆ ಕೆತ್ತಿಸಬೇಡಿ. ಮ್ಯಾಕ್ಸೀನಳಿಗೆ ಫೋಟೋ ಬೇಡ, ಹೆಸರಿನ ಫಲಕ ಬೇಡ, ಕಾರು ಬೇಡ, ನಾನು ಕೇಳಿದ್ದೇನೆ. ಅವಳು ಬಯಸುವುದು ಶಾಲೆಯ ಹೆಸರಿರುವ ಒಂದು ಹಾಳೆ. ಅದರಲ್ಲಿ 'ಇದು ಮ್ಯಾಕ್ಸೀನ್ ಥ್ಯಾಕ್ರೆಗೆ ಆದದ್ದು' ಎಂಬ ಒಂದು ಸಾಲು, ತಮ್ಮ ಸಹಿ. ಕೂಸು ದೊಡ್ಡದಾದ ಮೇಲೆ ತೋರಿಸಬೇಕಂತೆ. ಈ ಪತ್ರವನ್ನು ಅಚ್ಚಿಗೆ ಕಳಿಸುವ ಮೊದಲು ಅವಳಿಗೂ ಕರ್ಸ್ಟಿಗೂ ಓದಿ ತೋರಿಸಿದ್ದೇನೆ, ಇಬ್ಬರೂ ಒಪ್ಪಿದ್ದಾರೆ. ಕೊನೆಯ ಭಾಗ ತೆಗೆದುಬಿಡಿ ಮಿಸ್ ಎಂದು ಮ್ಯಾಕ್ಸೀನ್ ಎರಡು ಬಾರಿ ಹೇಳಿದಳು. ತೆಗೆದಿಲ್ಲ.

ಗೋಡೆ ಖಾಲಿ ಉಳಿಯುತ್ತದೆಂದು ತಮಗೆ ಚಿಂತೆಯಾದರೆ ಕಥೆಯನ್ನು ಕೆತ್ತಿಸಿ, ಪೂರ್ತಿ ಕೆತ್ತಿಸಿ. ಹುಡುಗಿಯ ಹೆಸರು ಬೇಡ. ಅವಳು ಮಾರನೆಯ ದಿನವೂ ಬಂದು ತಟ್ಟಿದಳು, ಒಳಗಿದ್ದವಳು ತೆರೆಯಲಿಲ್ಲ ಎಂಬುದು ಇರಲಿ. ತೆರೆಯದವಳ ಹೆಸರು ದೊಡ್ಡ ಅಕ್ಷರದಲ್ಲಿರಲಿ, ಸಾಲಿನಲ್ಲಿ ನಿಲ್ಲುವ ಮಕ್ಕಳಿಗೆ ಕಾಣುವ ಎತ್ತರದಲ್ಲಿ.

ಇಂತಿ, ಬಹಳ ತಡವಾಗಿ,
ಥೆಲ್ಮಾ ಸಗ್ಡನ್
ನಿವೃತ್ತ ಅಡುಗೆ ಸಹಾಯಕಿ, ಸ್ಕೆಲ್‌ಬೆಕ್